ತಟ್ಟೆಯಲ್ಲಿ ಉಳಿದ ಚಿಪ್ಪನ್ನು ಜುವಾರಿ ನದಿಗೆ ಮರಳಿಸುವುದು ಹೇಗೆ

ಗೋವಾದ ವಾಸ್ಕೋದಲ್ಲಿ ಮಧ್ಯಾಹ್ನ ಮೂರೂವರೆ ಹೊತ್ತಿಗೆ ಮೀನೂಟದ ಹೋಟೆಲ್‌ಗಳ ಹಿಂಬಾಗಿಲಲ್ಲಿ ನಿಂತರೆ ಗಲಗಲ ಅಂತ ಒಂದು ಸದ್ದು ಕೇಳುತ್ತದೆ. ತಿಂದು ಬಿಟ್ಟ ತಿಸ್ರ್ಯೊ (ನಮ್ಮ ಬಳಚು) ಚಿಪ್ಪುಗಳನ್ನು ಡ್ರಮ್ಮಿಗೆ ಸುರಿಯುವ ಸದ್ದು ಅದು. ಅನ್ನ, ಮೀನಿನ ಮುಳ್ಳು, ನಿಂಬೆ ಸಿಪ್ಪೆ, ಟಿಶ್ಯೂ ಪೇಪರ್ ಜೊತೆ ಚಿಪ್ಪೂ ಕಸದ ಗಾಡಿ ಹತ್ತುತ್ತದೆ. ನಮ್ಮ ಕಾರವಾರದ ಕಡೆ ಅಜ್ಜಿಯ ಕಾಲದಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಗೋಡೆಗೂ ಅದೇ ಸುಣ್ಣ, ಎಲೆ-ಅಡಿಕೆಗೂ ಅದೇ. ಈಗ ಗೋಡೆಗೆ ಡಬ್ಬಿ ಪೇಂಟ್ ಬಂದಿದೆ. ಚಿಪ್ಪನ್ನು ಕೇಳುವವರಿಲ್ಲ.

ನೀರಿನಲ್ಲಿ ಮಾತ್ರ ಅದಕ್ಕೆ ಇನ್ನೂ ಕೆಲಸ ಇದೆ. ಗೋವಾದವರು ಕಾಲ್ವಾಂ ಅನ್ನುತ್ತಾರಲ್ಲ, ನಾವು ಕಲ್ವ ಅನ್ನುತ್ತೇವೆ, ಕುಂದಾಪುರದ ಕಡೆ ಮುರು ಅನ್ನುತ್ತಾರೆ, ಇಂಗ್ಲಿಷಿನಲ್ಲಿ ಆಯ್ಸ್ಟರ್. ಅದರ ಮರಿ ಹುಟ್ಟಿದ ಮೇಲೆ ಎರಡು-ಮೂರು ವಾರ ನೀರಿನಲ್ಲಿ ತೇಲಾಡುತ್ತದೆ. ಆಮೇಲೆ ಒಂದು ಗಟ್ಟಿ ಜಾಗ ಹುಡುಕಿ ಅಂಟಿಕೊಳ್ಳುತ್ತದೆ. ಒಮ್ಮೆ ಅಂಟಿದರೆ ಮುಗಿಯಿತು, ಜೀವಮಾನವೆಲ್ಲ ಅಲ್ಲೇ. ಕೆಸರಿನ ಮೇಲೆ ಬಿದ್ದ ಮರಿ ಉಸಿರುಗಟ್ಟಿ ಸಾಯುತ್ತದೆ. ಕಲ್ಲು, ಕಂಬ, ಕಾಂಡ್ಲಾ (ಮ್ಯಾಂಗ್ರೋವ್) ಬೇರು ಯಾವುದಾದರೂ ಆದೀತು. ಆದರೆ ಅದಕ್ಕೆ ತುಂಬ ಇಷ್ಟ ಹಳೆಯ ಚಿಪ್ಪು. ಒಂದರ ಮೇಲೊಂದು ಕೂತು, ಸತ್ತವರ ಮೇಲೆ ಬದುಕಿದವರು ಬೆಳೆದು ದಿಬ್ಬ ಕಟ್ಟುತ್ತಾರೆ. ಆ ದಿಬ್ಬದ ಸಂದಿಯಲ್ಲಿ ಏಡಿ, ಸೀಗಡಿ, ಮೀನಿನ ಮರಿಗಳು ಅಡಗುತ್ತವೆ. ಅಲೆಯ ಹೊಡೆತ ತಗ್ಗಿ ಹಿಂದಿನ ದಂಡೆ ಉಳಿಯುತ್ತದೆ. ನೀರೂ ಸೋಸಿ ಹೋಗುತ್ತದೆ. ಅಮೆರಿಕದ ಪೂರ್ವ ಕರಾವಳಿಯ ದೊಡ್ಡ ಕಲ್ವ ಒಳ್ಳೆಯ ಹವೆಯಲ್ಲಿ ದಿನಕ್ಕೆ 190 ಲೀಟರ್‌ವರೆಗೆ ನೀರು ಸೋಸುತ್ತದೆ. ಒಂದೇ ಒಂದು ಕಲ್ವ!

ನಾವು ಮಾಂಸವನ್ನೂ ತೆಗೆದು ಚಿಪ್ಪನ್ನೂ ತೆಗೆದರೆ ಮುಂದಿನ ಮರಿಗೆ ನೆಲವೇ ಇರುವುದಿಲ್ಲ. ಜಗತ್ತಿನ ಕಲ್ವದ ದಿಬ್ಬಗಳಲ್ಲಿ ಶೇ 85ರಷ್ಟು ಹೋಗಿಬಿಟ್ಟಿವೆ ಎಂದು 2011ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. ಹಾಗಾಗಿ ಟೆಕ್ಸಸ್‌ನಲ್ಲಿ 2009ರಿಂದ, ನ್ಯೂಯಾರ್ಕ್‌ನಲ್ಲಿ 2014ರಲ್ಲಿ ಶುರುವಾದ ಬಿಲಿಯನ್ ಆಯ್ಸ್ಟರ್ ಪ್ರಾಜೆಕ್ಟ್ ಮೂಲಕ ಹೋಟೆಲ್ ಚಿಪ್ಪು ಕೂಡಿಸಿ, ಒಣಗಿಸಿ, ನೀರಿಗೆ ಮರಳಿಸುತ್ತಿದ್ದಾರೆ. ಚಿಪ್ಪಿನ ಸರ ಕಟ್ಟಿ ಮರಿ ಹಿಡಿಯುವುದು ನಮ್ಮ ದೇಶಕ್ಕೂ ಹೊಸದಲ್ಲ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು 1970ರ ದಶಕದಲ್ಲೇ ತೂತುಕುಡಿಯಲ್ಲಿ ಮರಿ ಹಿಡಿದು ಕಲ್ವ ಸಾಕುವ ಪ್ರಯೋಗ ಮಾಡಿದ್ದರು.

ನಾವು ವಾಸ್ಕೋದ ಐದಾರು ಮಂದಿ ಮೂರು ವರ್ಷದಿಂದ ಇದರ ಹಿಂದೆ ಬಿದ್ದಿದ್ದೇವೆ. ಒಂದು ಮಾತು ಮೊದಲೇ ಹೇಳುತ್ತೇನೆ. ಚಿಪ್ಪು ನೀರಿಗೆ ಇಳಿಸುವುದು ಒಂದು ಬೆಳಗಿನ ಕೆಲಸ. ಅದಕ್ಕೆ ಮೊದಲು ಕಾಯುವುದು, ಒಣಗಿಸುವುದು, ಪರೀಕ್ಷೆ ಮಾಡುವುದು ಒಂದೂವರೆ ವರ್ಷದ ಕೆಲಸ. ಅಷ್ಟು ತಾಳ್ಮೆ ಇಲ್ಲದಿದ್ದರೆ ಚಿಪ್ಪನ್ನು ಸುಣ್ಣಕ್ಕೆ ಕೊಟ್ಟುಬಿಡಿ, ನದಿಗೆ ತರಬೇಡಿ.

ಮೊದಲು ದಂಡೆ ನೋಡಿ

ಹುಣ್ಣಿಮೆ ಅಥವಾ ಅಮಾವಾಸ್ಯೆ ಆಸುಪಾಸಿನ ದಿನ ಆರಿಸಿ. ಆಗ ಮುರ್ಮುಗೋವಾದಲ್ಲಿ ಉಬ್ಬರ-ಇಳಿತದ ನಡುವೆ ಸುಮಾರು 2 ಮೀಟರ್ ವ್ಯತ್ಯಾಸ ಇರುತ್ತದೆ. ಬೇರೆ ದಿನ ಕಾಣದ ದಂಡೆ ಅವತ್ತು ಕಾಣುತ್ತದೆ. ನೀರು ಇನ್ನೂ ಇಳಿಯುತ್ತಿರುವಾಗಲೇ ಹೋಗಿ. ಏರಲು ಶುರುವಾದ ಮೇಲೆ ಹೋಗಬೇಡಿ. ಗಟ್ಟಿ ಅಡಿಯ ಬೂಟು ಹಾಕಿ, ಚಪ್ಪಲಿ ಸಾಲದು. ಕಲ್ವದ ಅಂಚು ಬ್ಲೇಡ್ ಇದ್ದ ಹಾಗೆ. ಗಾಯವಾದರೆ ತಕ್ಷಣ ಒಳ್ಳೆ ನೀರು, ಸಾಬೂನು ಹಾಕಿ ತೊಳೆದು, ಊತ ಅಥವಾ ಜ್ವರ ಬಂದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಬೇಕು. ಬೆಚ್ಚನೆಯ ಉಪ್ಪುನೀರಿನಲ್ಲಿರುವ ವಿಬ್ರಿಯೋ ಬ್ಯಾಕ್ಟೀರಿಯಾ ಗಾಯದ ಮೂಲಕ ಒಳಹೊಕ್ಕರೆ ಅಪಾಯ, ಸಕ್ಕರೆ ಕಾಯಿಲೆ ಅಥವಾ ಲಿವರ್ ತೊಂದರೆ ಇದ್ದವರಿಗೆ ಇನ್ನೂ ಜಾಸ್ತಿ.

ಅಲ್ಲಿ ನೋಡಬೇಕಾದ್ದು ಇಷ್ಟೆ. ಕೆಂಪು ಕಲ್ಲು, ಹಳೆ ಜೆಟ್ಟಿ ಕಂಬ, ಕಾಂಡ್ಲಾ ಬೇರುಗಳ ಮೇಲೆ ಕಲ್ವ ಇದೆಯೇ? ದೊಡ್ಡದರ ಜೊತೆ ಉಗುರಿನಷ್ಟು ಚಿಕ್ಕದೂ ಇದೆಯೇ? ಎರಡೂ ಇದ್ದರೆ ಆ ನೀರಿನಲ್ಲಿ ಮರಿ ಬರುತ್ತಿದೆ ಎಂದರ್ಥ. ಪಕ್ಕದಲ್ಲಿ ಗಟ್ಟಿ ನೆಲ ಕಮ್ಮಿ ಇದ್ದರೆ ಚಿಪ್ಪು ಹಾಕಿದ್ದು ಸಾರ್ಥಕ. ಬರೀ ಮುದಿ ಕಲ್ವ, ಬಾಯಿಬಿಟ್ಟ ಖಾಲಿ ಚಿಪ್ಪು ಕಾಣುತ್ತಿದೆ, ಮರಿಯೇ ಇಲ್ಲ ಅಂದರೆ ಅಲ್ಲಿನ ತೊಂದರೆ ಬೇರೆ. ನೀರು ಕೆಟ್ಟಿರಬಹುದು, ಹೂಳು ಜಾಸ್ತಿ ಆಗಿರಬಹುದು. ಅಲ್ಲಿ ಲಾರಿಗಟ್ಟಲೆ ಚಿಪ್ಪು ಸುರಿದರೂ ಒಂದು ಮರಿ ಕೂರುವುದಿಲ್ಲ.

ಉಪ್ಪನ್ನೂ ನೋಡಿ. ಸಾವಿರ ಭಾಗ ನೀರಿಗೆ 10ರಿಂದ 30 ಭಾಗ ಉಪ್ಪಿದ್ದರೆ ಕಲ್ವ ಚೆನ್ನಾಗಿರುತ್ತದೆ. ಸಮುದ್ರದಲ್ಲಿ 35 ಇರುತ್ತದೆ. ಮಳೆಗಾಲದಲ್ಲಿ ಜುವಾರಿ, ಮಾಂಡವಿ ಎರಡೂ ಒಳಭಾಗದಲ್ಲಿ ಸಿಹಿನೀರಾಗಿಬಿಡುತ್ತವೆ. ಕೆಲವು ದಿನ ಕಲ್ವ ಬಾಯಿ ಮುಚ್ಚಿಕೊಂಡು ತಡೆದೀತು. ತಿಂಗಳುಗಟ್ಟಲೆ ತಡೆಯಲಾರದು. ಹಾಗಾಗಿ ನದಿಯಲ್ಲಿ ತೀರಾ ಮೇಲಕ್ಕೆ ಹೋಗಬೇಡಿ.

ಚಿಕಲಿಂ ಕೊಲ್ಲಿಯ ಬಗ್ಗೆ ಬೇರೆಯಾಗಿ ಹೇಳಲೇಬೇಕು. ಅಲ್ಲಿನ ಕೆಸರಿನಲ್ಲಿ ಕಿಟಕಿ ಚಿಪ್ಪು ಬದುಕುತ್ತದೆ. ಹಳೆಯ ಗೋವಾ ಮನೆಗಳಲ್ಲಿ ಕಿಟಕಿಗೆ ಗಾಜಿನ ಬದಲು ಕೂರಿಸಿದ ತೆಳ್ಳನೆಯ, ಬೆಳಕು ಸೋಸುವ ಚಿಪ್ಪು ನೋಡಿದ್ದೀರಲ್ವಾ, ಅದೇ. ವನ್ಯಜೀವಿ ಕಾಯ್ದೆಯಡಿ ಅದಕ್ಕೆ ರಕ್ಷಣೆ ಇದೆ. ಅದಕ್ಕೆ ಬೇಕಾದ್ದು ಮೆತ್ತನೆಯ ಕೆಸರು, ಗಟ್ಟಿ ನೆಲ ಬೇಡ. ಅಂಥ ಕಡೆ ನಾವು ಒಳ್ಳೆಯದು ಮಾಡುತ್ತೇವೆಂದು ಚಿಪ್ಪು ಸುರಿದರೆ ಅದನ್ನು ಜೀವಂತ ಹೂತಂತೆ.

ಇಷ್ಟಾದ ಮೇಲೆ ಅಲ್ಲಿ ಕಲ್ವ ಕೀಳುವ ಹೆಂಗಸರನ್ನು ಕೇಳಿ. ನಾನು ಕೇಳಿದ ಮಾವ್ಶಿಗೆ ಎಪ್ಪತ್ತು ದಾಟಿದೆ. ಕೈಯಲ್ಲಿ ಗೇಣುದ್ದದ ಉಳಿ ಹಿಡಿದು ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದರು. ಟಕ್ ಅಂತ ಒಂದೇ ಏಟು, ಮೇಲಿನ ಚಿಪ್ಪು ಹಾರುತ್ತದೆ, ಮಾಂಸ ಡಬ್ಬಿಗೆ. ಕೆಳಗಿನ ಚಿಪ್ಪು ಕಲ್ಲಿಗೇ ಅಂಟಿರುತ್ತದೆ. "ಅದನ್ನು ಕೀಳಬಾರದು, ಮುಂದಿನ ವರ್ಷದ್ದು ಅದರ ಮೇಲೇ ಬರುತ್ತದೆ" ಎಂದರು. ನಾನು ಪುಸ್ತಕ ಓದಿ ತಿಳಿದದ್ದನ್ನು ಅವರು ಅಂಗೈ ಗಾಯಗಳಿಂದ ತಿಳಿದಿದ್ದರು. ಯಾವ ಜಾಗದಲ್ಲಿ ಮರಿ ಬೇಗ ಕೂರುತ್ತದೆ, ಎಲ್ಲಿ ದೋಣಿ ಎಳೆಯುತ್ತಾರೆ, ಎಲ್ಲಿ ಬಲೆ ಬಿಡುತ್ತಾರೆ, ಎಲ್ಲವನ್ನೂ ಅವರೇ ತೋರಿಸಿದರು. ಅವರು ಬೇಡ ಎಂದ ಜಾಗವನ್ನು ನಾವು ಬಿಟ್ಟೆವು.

ಹೋಟೆಲಿನಿಂದ ಚಿಪ್ಪು ತರುವುದು

ಕಲ್ವದ ಚಿಪ್ಪೇ ಬೇಕೆಂದು ಹಠ ಹಿಡಿದರೆ ಗೋವಾದಲ್ಲಿ ಕೆಲಸ ಸಾಗುವುದಿಲ್ಲ. ಇಲ್ಲಿ ಕಲ್ವ ಹೆಚ್ಚಾಗಿ ಚಿಪ್ಪು ಬಿಡಿಸಿಯೇ ಮಾರಾಟವಾಗುತ್ತದೆ. ಹೋಟೆಲಲ್ಲಿ ರಾಶಿ ಬೀಳುವುದು ತಿಸ್ರ್ಯೊ, ಅಂದರೆ ನಮ್ಮ ಬಳಚು. ಅದೂ ನಡೆಯುತ್ತದೆ. ಅಮೆರಿಕದ ಡೆಲವೇರ್ ಕೊಲ್ಲಿಯಲ್ಲಿ ಬೇರೆ ಜಾತಿಯ ದೊಡ್ಡ ಬಳಚಿನ ಚಿಪ್ಪನ್ನೇ ಹಾಕಿ ಕಲ್ವದ ಮರಿ ಕೂರಿಸಿದ್ದಾರೆ. ನಮ್ಮ ಬಳಚು ಚಿಕ್ಕದು, ಅಲೆ ಎಳೆದುಕೊಂಡು ಹೋಗುತ್ತದೆ, ಆದ್ದರಿಂದ ಚೀಲದಲ್ಲಿ ಕಟ್ಟಬೇಕು. ನೀಲಿಕಲ್ಲಿನ (ಇಂಗ್ಲಿಷಿನಲ್ಲಿ ಮಸೆಲ್) ಚಿಪ್ಪು ತೆಳು, ಬೇಗ ಪುಡಿಯಾಗುತ್ತದೆ. ಬಂದರೆ ಚೀಲದ ನಡುವೆ ತುಂಬಿ. ಏಡಿ ಚಿಪ್ಪು, ಸೀಗಡಿ ಸಿಪ್ಪೆ, ಮೀನಿನ ಮುಳ್ಳು ಬೇಡವೇ ಬೇಡ. ಹೊರದೇಶದಿಂದ ತರಿಸಿದ ಕಲ್ವ ಬಡಿಸುವ ದೊಡ್ಡ ಹೋಟೆಲಿನ ಚಿಪ್ಪನ್ನೂ ಬಿಟ್ಟುಬಿಡಿ. ಅದರ ಜೊತೆ ಯಾವ ರೋಗ ಬರುತ್ತದೋ, ಆ ಅಪಾಯ ನಮಗೆ ಬೇಡ.

ಮಾಲೀಕರನ್ನು ಒಪ್ಪಿಸುವುದು ಸುಲಭ, ಕಸ ಕಮ್ಮಿಯಾಗುತ್ತದೆ ಅಂದರೆ ಹ್ಞೂಂ ಅನ್ನುತ್ತಾರೆ. ಚಿಪ್ಪು ಬೇರೆ ಮಾಡುವವರು ತಟ್ಟೆ ತೊಳೆಯುವ ಹುಡುಗರು. ಇಲ್ಲಿ ಅವರಲ್ಲಿ ತುಂಬ ಜನ ನಮ್ಮ ವಿಜಯಪುರ, ಬಾಗಲಕೋಟೆ, ಗದಗದ ಕಡೆಯವರು, ಬೈನಾ, ಜುವಾರಿ ನಗರದಲ್ಲಿ ಮನೆ ಮಾಡಿಕೊಂಡವರು. ಮೊದಲ ವಾರ ಒಬ್ಬ ಹುಡುಗ ಕೇಳಿದ: "ಅಕ್ಕಾರ, ಇದಕ್ಕ ಬ್ಯಾರೆ ಬಕೇಟ್ ಯಾಕ್ರೀ? ಎಲ್ಲಾ ಚೆಲ್ಲೂದ ಅಲ್ಲೇನ್ರಿ?" ನಾನು ಅವನನ್ನು ಭಾನುವಾರ ಜೆಟ್ಟಿಗೆ ಕರೆದುಕೊಂಡು ಹೋಗಿ ಚಿಪ್ಪಿನ ಮೇಲೆ ಕೂತ ಮರಿ ತೋರಿಸಿದೆ. ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. "ಇದು ಜ್ವಾಳದ ಕಾಳಿನಷ್ಟು ಐತಲ್ರೀ" ಅಂದ. ಅವತ್ತಿನಿಂದ ಅವನ ಬಕೆಟ್‌ನಲ್ಲಿ ಒಂದು ಟಿಶ್ಯೂ ಪೇಪರ್ ಸಿಕ್ಕಿಲ್ಲ. ಹಾಗಾಗಿ ನನ್ನ ಸಲಹೆ, ಬಕೆಟ್ ಕೊಡುವ ಮೊದಲು ಅಡುಗೆಮನೆಯವರಿಗೆ ನದಿ ತೋರಿಸಿ.

ಮುಚ್ಚಳ ಇರುವ 15 ಲೀಟರ್ ಬಕೆಟ್ ಸಾಕು. ಅದಕ್ಕಿಂತ ದೊಡ್ಡದಾದರೆ ತುಂಬಿದ ಮೇಲೆ ಎತ್ತಲಾಗುವುದಿಲ್ಲ. ತಟ್ಟೆ ಕೆರೆಯುವ ಜಾಗದ ಪಕ್ಕದಲ್ಲೇ ಇಡಿ. ನಾಲ್ಕು ಹೆಜ್ಜೆ ದೂರ ಇಟ್ಟರೂ ಗಡಿಬಿಡಿಯಲ್ಲಿ ಯಾರೂ ಹೋಗಿ ಹಾಕುವುದಿಲ್ಲ. ತಳದಲ್ಲಿ ತೂತು ಬೇಡ, ಸಾರು ಸೋರುತ್ತದೆ. ದಿನ ಬಿಟ್ಟು ದಿನ ತಪ್ಪದೆ ತನ್ನಿ. ಎರಡು ಸಲ ತಪ್ಪಿಸಿದರೆ ವಾಸನೆ ಹೊಡೆದು ಹೋಟೆಲಿನವರು ಕೈಬಿಡುತ್ತಾರೆ. ನಾಲ್ಕು ಹೋಟೆಲ್, ತಲಾ ಒಂದು ಬಕೆಟ್, ಎರಡು ದಿನಕ್ಕೊಮ್ಮೆ ಎಂದರೆ ಏಳು ತಿಂಗಳಿಗೆ 420 ಬಕೆಟ್, ಸುಮಾರು 6,300 ಲೀಟರ್. 15 ಸೆಂಟಿಮೀಟರ್ ದಪ್ಪ ಹಾಸಿದರೆ ಸುಮಾರು 40 ಚದರ ಮೀಟರ್ ನೆಲ ತುಂಬುತ್ತದೆ. ಶುರು ಮಾಡುವವರಿಗೆ ಅಷ್ಟು ಧಾರಾಳ ಸಾಕು.

ಒಣಗಿಸುವುದು, ಅಂದರೆ ಕಾಯುವುದು

ಎಲ್ಲರೂ ಅವಸರ ಮಾಡುವುದು ಇಲ್ಲೇ. ಬೇಯಿಸಿದ ಚಿಪ್ಪಲ್ವಾ, ತೊಳೆದು ಹಾಕಿದರೆ ಏನಾಯಿತು ಎಂದು ಕೇಳುತ್ತಾರೆ. ಬಕೆಟ್‌ನಲ್ಲಿ ಬೇಯದ ಚಿಪ್ಪೂ ಸೇರಿರುತ್ತದೆ, ಬೇರೆ ನದಿಯಿಂದ ಬಂದದ್ದೂ ಸೇರಿರುತ್ತದೆ. ಕಲ್ವಕ್ಕೆ ಪರ್ಕಿನ್ಸಸ್ ಎಂಬ ಪರಾವಲಂಬಿ ತಗಲುತ್ತದೆ, ಅದು ಮಾಂಸದ ಚೂರಿನಲ್ಲಿ ಉಳಿದಿರಬಹುದು. ದಕ್ಷಿಣ ಅಮೆರಿಕದ ಒಂದು ಜಾತಿಯ ನೀಲಿಕಲ್ಲು ಕೇರಳದ ಹಿನ್ನೀರಿಗೆ ನುಗ್ಗಿ ಅಷ್ಟಮುಡಿ, ವೆಂಬನಾಡಿನಲ್ಲಿ ಕಂಬ, ಬಲೆ, ಕಲ್ವ ಎಲ್ಲದರ ಮೇಲೂ ಹರಡಿಕೊಂಡಿದೆ. ಅಂಥದ್ದನ್ನು ನಮ್ಮ ಕೈಯಾರೆ ಜುವಾರಿಗೆ ತರುವುದು ಬೇಡ. ಬಿಸಿಲು, ಗಾಳಿ, ಸಮಯ, ಈ ಮೂರೂ ಸೇರಿದರೆ ಇವೆಲ್ಲ ಸಾಯುತ್ತವೆ. ಕನಿಷ್ಠ ಆರು ತಿಂಗಳು ಬೇಕು, ಒಂದು ವರ್ಷ ಇಟ್ಟರೆ ನಿಶ್ಚಿಂತೆ. ಬ್ಲೀಚಿಂಗ್ ಪೌಡರ್, ಆಸಿಡ್, ಸಾಬೂನು ಯಾವುದನ್ನೂ ಹಾಕಬೇಡಿ.

ಮೊದಲ ವರ್ಷ ನಾವು ತಪ್ಪು ಮಾಡಿದ್ದು ಇದರಲ್ಲೇ. ಚಿಪ್ಪನ್ನು ಗೋಣಿಚೀಲದಲ್ಲಿ ತುಂಬಿ ಬಾಯಿ ಕಟ್ಟಿ ಕಾಂಪೌಂಡ್ ಮೂಲೆಯಲ್ಲಿ ಪೇರಿಸಿಟ್ಟೆವು. ಹೊರಗಿನ ಚೀಲ ಒಣಗಿತ್ತು, ಒಳಗಿನ ಚಿಪ್ಪು ಒದ್ದೆ. ಮೂರು ವಾರಕ್ಕೆ ಹುಳ ಬಿತ್ತು. ಪಕ್ಕದ ಮನೆಯವರಿಗೆ ಊಟ ಮಾಡಲಾಗದಷ್ಟು ನಾತ. ಅವರ ಬಳಿ ಕ್ಷಮೆ ಕೇಳಿ, ಎಲ್ಲವನ್ನೂ ಊರ ಹೊರಗಿನ ಒಂದು ಖಾಲಿ ಜಾಗಕ್ಕೆ ಸಾಗಿಸಿ ಹರಡಿದೆವು.

ಈಗ ಹೀಗೆ ಮಾಡುತ್ತೇವೆ. ತಂದ ದಿನವೇ ಜಾಲರಿಯ ಮೇಲೆ ಸುರಿದು ಪೈಪಿನಿಂದ ನೀರು ಬಿಡುತ್ತೇವೆ. ಕಸ ಆರಿಸುತ್ತೇವೆ. ಆ ನೀರು ಗಿಡದ ಬುಡಕ್ಕೆ ಹೋಗಲಿ, ಗಟಾರಕ್ಕೆ ಬೇಡ. ಆಮೇಲೆ ಮರದ ಹಲಗೆಗಳ ಮೇಲೆ ಒಂದಡಿಗಿಂತ ದಪ್ಪ ಆಗದಂತೆ ಹರಡುತ್ತೇವೆ. ಮೇಲೆ ಬಲೆ, ಕಾಗೆ ನಾಯಿ ಕೆದರದಂತೆ. ಹದಿನೈದು ದಿನಕ್ಕೊಮ್ಮೆ ಸಲಿಕೆಯಿಂದ ಮೇಲಿನದ್ದು ಕೆಳಗೆ, ಕೆಳಗಿನದ್ದು ಮೇಲೆ. ತಿಂಗಳ ಲೆಕ್ಕದಲ್ಲಿ ಬೇರೆ ಬೇರೆ ರಾಶಿ ಮಾಡಿ ಪ್ರತಿಯೊಂದಕ್ಕೂ ತಾರೀಕಿನ ಹಲಗೆ ನೆಡಿ. ಹಳೆ ರಾಶಿಗೆ ಹೊಸ ಬಕೆಟ್ ಸುರಿದರೆ ಆ ರಾಶಿಯ ವಯಸ್ಸು ಮತ್ತೆ ಸೊನ್ನೆಯಿಂದ ಶುರು.

ಮಳೆ ಬಂದಾಗ ಇನ್ನೊಂದು ಜವಾಬ್ದಾರಿ ಇದೆ. ಚಿಪ್ಪು ಅಂದರೆ ಪುಟ್ಟ ಬಟ್ಟಲು. ಪ್ರತಿಯೊಂದರಲ್ಲೂ ಒಂದು ಚಮಚ ನೀರು ನಿಂತರೆ ಡೆಂಗಿ ಸೊಳ್ಳೆಗೆ ಅಷ್ಟೇ ಬೇಕು. ಸೊಳ್ಳೆ ಮೊಟ್ಟೆಯಿಂದ ಹಾರುವಷ್ಟು ದೊಡ್ಡದಾಗಲು ವಾರ-ಹತ್ತು ದಿನ ಹಿಡಿಯುತ್ತದೆ. ಹಾಗಾಗಿ ಮಳೆ ಶುರುವಾದ ಮೇಲೆ ಹಳದಿ-ನೀಲಿ ತಾಡಪಾಲು ಇಳಿಜಾರಾಗಿ ಕಟ್ಟಿ, ಐದು ದಿನಕ್ಕೊಮ್ಮೆ ರಾಶಿ ತಿರುವಿ. ಮೊದಲ ಎರಡು-ಮೂರು ಮಳೆಗೆ ಮಾತ್ರ ತೆರೆದಿಡುತ್ತೇವೆ, ಎಣ್ಣೆ, ಮಸಾಲೆ ತೊಳೆದುಹೋಗಲೆಂದು.

ಚಿಪ್ಪು ತಯಾರಾಗಿದೆಯೇ ಎಂದು ತಿಳಿಯಲು ರಾಶಿಯ ನಡುವಿನಿಂದ ಒಂದು ಹಿಡಿ ತೆಗೆದು ಮೂಗಿನ ಹತ್ತಿರ ಹಿಡಿಯಿರಿ. ಸುಣ್ಣದ ಗೋಡೆಯ ವಾಸನೆ ಬಂದರೆ ಸರಿ. ಮೀನಿನ ವಾಸನೆ ಸ್ವಲ್ಪವೇ ಬಂದರೂ ಇನ್ನೆರಡು ತಿಂಗಳು ಇಡಿ. ಒಳಗಿನ ಬಿಜಾಗರಿ ಜಾಗದಲ್ಲಿ ಕಪ್ಪು ನಾರು ಉಳಿದಿದೆಯೇ ಎಂದೂ ಉಗುರಿನಿಂದ ಕೆರೆದು ನೋಡಿ.

ಸರ ಕಟ್ಟಿ ಪರೀಕ್ಷೆ

ಒಣಗಿದ ಮೊದಲ ರಾಶಿಯಿಂದ ಇನ್ನೂರು ದೊಡ್ಡ ಚಿಪ್ಪು ಆರಿಸಿ. ನಡುವೆ ಮೊಳೆಯಿಂದ ತೂತು ಮಾಡಿ. ಜೋರಾಗಿ ಹೊಡೆದರೆ ಒಡೆಯುತ್ತದೆ, ಒದ್ದೆ ಮರಳಿನ ಮೇಲೆ ಇಟ್ಟು ಮೆಲ್ಲಗೆ ಹೊಡೆಯಿರಿ. ಒಂದು ಮೀಟರ್ ಹಗ್ಗಕ್ಕೆ ಹತ್ತು ಚಿಪ್ಪು ಪೋಣಿಸಿ, ಬಟ್ಟಲಿನಂಥ ಒಳಭಾಗ ಕೆಳಗೆ ಬರುವಂತೆ. ಮೇಲೆ ಬಂದರೆ ಹೂಳು ತುಂಬುತ್ತದೆ. ನಡುನಡುವೆ ಗಂಟು ಹಾಕಿ, ಇಲ್ಲವಾದರೆ ಎಲ್ಲ ಜಾರಿ ಒಂದೇ ಕಡೆ ಸೇರುತ್ತವೆ. ಇಂಥ ಇಪ್ಪತ್ತು ಸರ ಮಾಡಿ, ಜೆಟ್ಟಿಯ ಯಜಮಾನರ ಒಪ್ಪಿಗೆ ಪಡೆದು ಮೂರು-ನಾಲ್ಕು ಕಡೆ ತೂಗಿಬಿಡಿ. ಇಳಿತದಲ್ಲೂ ಕೆಳಗಿನ ಅರ್ಧ ನೀರಲ್ಲೇ ಇರಬೇಕು, ತಳದ ಕೆಸರು ಮುಟ್ಟಬಾರದು.

ತಿಂಗಳಿಗೊಂದು ಸರ ಎತ್ತಿ ಭೂತಗನ್ನಡಿಯಲ್ಲಿ ನೋಡಿ. ಬಿಳಿ ಗುಡ್ಡದ ಹಾಗೆ ಎದ್ದು, ನೆತ್ತಿಯಲ್ಲಿ ತೂತಿದ್ದರೆ ಅದು ಬಾರ್ನಕಲ್ ಎಂಬ ಬೇರೆ ಜೀವಿ. ಅದನ್ನು ಕಲ್ವವೆಂದು ಎಣಿಸಿ ಖುಷಿಪಡುವವರು ತುಂಬ ಜನ. ಕಲ್ವದ ಮರಿ ಚಪ್ಪಟೆ. ಚಿಪ್ಪಿಗೆ ಬಣ್ಣದ ಹನಿ ಬಿದ್ದು ಒಣಗಿದಂತೆ ಕಾಣುತ್ತದೆ, ಅಂಚು ತೆಳ್ಳಗೆ, ಬೆಳಕಿಗೆ ಹಿಡಿದರೆ ಹೊಳೆಯುತ್ತದೆ. ಯಾವ ತಿಂಗಳು, ಯಾವ ಜಾಗ, ಎಷ್ಟು ಆಳದಲ್ಲಿ ಎಷ್ಟು ಮರಿ ಎಂದು ಬರೆದಿಡಿ. ಒಂದು ವರ್ಷದ ಈ ಪುಸ್ತಕ ನಿಮ್ಮಲ್ಲಿ ಇದ್ದರೆ ಚಿಪ್ಪನ್ನು ಯಾವಾಗ, ಎಲ್ಲಿ ಇಳಿಸಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ. ಮರಿ ಬರುವ ತಿಂಗಳಿಗೆ ಎರಡು ವಾರ ಮೊದಲು ಇಳಿಸಬೇಕು. ತುಂಬ ಮೊದಲೇ ಹಾಕಿದರೆ ಪಾಚಿ, ಹೂಳು, ಬಾರ್ನಕಲ್ ಬಂದು ಜಾಗ ಹಿಡಿದುಬಿಡುತ್ತವೆ.

ಅನುಮತಿ

ಉಬ್ಬರ-ಇಳಿತದ ನೆಲ ಯಾರ ಸ್ವಂತದ್ದೂ ಅಲ್ಲ. ಕರಾವಳಿ ನಿಯಂತ್ರಣ ವಲಯದ ನಿಯಮ ಅಲ್ಲಿ ನಡೆಯುತ್ತದೆ. ಗೋವಾ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರ, ಮೀನುಗಾರಿಕೆ ಇಲಾಖೆ, ದೋಣಿ ಓಡಾಡುವ ಕಡೆಯಾದರೆ ಕ್ಯಾಪ್ಟನ್ ಆಫ್ ಪೋರ್ಟ್ಸ್, ಕಾಂಡ್ಲಾ ಇದ್ದರೆ ಅರಣ್ಯ ಇಲಾಖೆ, ಇಷ್ಟೂ ಕಡೆ ಲಿಖಿತವಾಗಿ ಕೇಳಿ. ಅದಕ್ಕೂ ಮೊದಲು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಜೊತೆಗೆ ತೆಗೆದುಕೊಳ್ಳಿ. ದೋನಾ ಪಾವುಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆ, ಅಲ್ಲಿನ ವಿಜ್ಞಾನಿಗಳಿಗೆ ನಿಮ್ಮ ಸರದ ಪುಸ್ತಕ ತೋರಿಸಿ ಸಲಹೆ ಕೇಳಿ. ಬರಿಗೈಲಿ ಹೋದವರಿಗಿಂತ ವರ್ಷದ ಲೆಕ್ಕ ಹಿಡಿದು ಹೋದವರ ಮಾತು ತೂಕ ಪಡೆಯುತ್ತದೆ.

ನೀರಿಗೆ ಇಳಿಸುವುದು

ಪ್ಲಾಸ್ಟಿಕ್ ಜಾಲರಿ ಚೀಲ ಅಗ್ಗ, ಸುಲಭ. ಆದರೂ ಬೇಡ. ಬರಬರುತ್ತ ಹರಿದು ಚೂರುಚೂರಾಗಿ ಅದೇ ಮೀನಿನ ಹೊಟ್ಟೆ ಸೇರುತ್ತದೆ. ತೆಂಗಿನ ನಾರಿನ ಬಲೆ ತನ್ನಿ. ಅದು ಕೊಳೆಯುವುದರೊಳಗೆ ಮರಿಗಳು ಬೆಳೆದು ಚಿಪ್ಪುಗಳನ್ನು ಒಂದಕ್ಕೊಂದು ಬೆಸೆದಿರುತ್ತವೆ. ನಾರು ಎರಡು ಪದರ ಇರಲಿ, ಕಣ್ಣು ಹೆಬ್ಬೆರಳು ತೂರದಷ್ಟು ಚಿಕ್ಕದಿರಲಿ. ಒಬ್ಬರು ಎತ್ತುವಷ್ಟು, ಹತ್ತು-ಹನ್ನೆರಡು ಕೆಜಿ ತುಂಬಿ. ದೊಡ್ಡ ಚಿಪ್ಪು ಹೊರಗಡೆ ಬರಲಿ, ಬಳಚು, ನೀಲಿಕಲ್ಲು ನಡುವೆ.

ಇಳಿತದ ಹೊತ್ತಿಗೆ ದಂಡೆಗೆ ಸಮಾನಾಂತರವಾಗಿ ಸಾಲು ಹಾಕಿ. ಕೆಸರು ಮೆತ್ತಗಿದ್ದರೆ ಮೊದಲು ಕೆಂಪು ಕಲ್ಲಿನ ತುಂಡು ಅಥವಾ ಬಿದಿರಿನ ಚಾಪೆ ಹಾಸಿ, ಇಲ್ಲವಾದರೆ ಮೊದಲ ಮಳೆಗೇ ಚೀಲ ಹೂತುಹೋಗುತ್ತದೆ. ಚೀಲಗಳನ್ನು ಒಂದಕ್ಕೊಂದು ಕಟ್ಟಿ, ತುದಿಗೆ ಗೂಟ ಹೊಡೆಯಿರಿ. ಪ್ರತಿ ನಾಲ್ಕೈದು ಮೀಟರ್‌ಗೆ ಒಂದು ಸಂದು ಬಿಡಿ. ಇಳಿಯುವ ನೀರಿಗೂ, ಏಡಿಗೂ, ದೋಣಿ ತಳ್ಳುವವರಿಗೂ ದಾರಿ ಬೇಕು. ನಾಲ್ಕು ಮೂಲೆಗೂ ಉದ್ದ ಕೋಲು ನೆಟ್ಟು ಬಿಳಿ ಬಟ್ಟೆ ಕಟ್ಟಿ, ಭರತಿ ಬಂದಾಗ ದೋಣಿಯವರಿಗೆ ಕಾಣಲಿ. ಮೊದಲ ಸಲ ನಲವತ್ತು ಚೀಲಕ್ಕಿಂತ ಜಾಸ್ತಿ ಬೇಡ. ಪಕ್ಕದಲ್ಲೇ ಅಷ್ಟೇ ದೊಡ್ಡ ಜಾಗವನ್ನು ಏನೂ ಹಾಕದೆ ಬಿಡಿ, ವರ್ಷದ ಕೊನೆಗೆ ಎರಡನ್ನೂ ಹೋಲಿಸಿ ನೋಡಬಹುದು.

ಆಮೇಲೆ

ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ ಹೋಗಿ. ಜಾರಿದ ಚೀಲ ಸರಿಮಾಡಿ, ಸಿಕ್ಕಿಬಿದ್ದ ಬಲೆ, ಪ್ಲಾಸ್ಟಿಕ್ ತೆಗೆಯಿರಿ. ಐದು ಚೀಲಗಳಿಗೆ ಗುರುತು ಹಾಕಿ, ಪ್ರತಿಸಲ ಅವುಗಳಲ್ಲೇ ಮರಿ ಎಣಿಸಿ, ಸ್ಕೇಲ್ ಇಟ್ಟು ಅಳತೆ ಬರೆಯಿರಿ. ನಮ್ಮ ಬೆಚ್ಚನೆಯ ನೀರಿನಲ್ಲಿ ಕಲ್ವ ಬೇಗ ಬೆಳೆಯುತ್ತದೆ. ತೂತುಕುಡಿಯ ಸಾಕಣೆಯಲ್ಲಿ ವರ್ಷಕ್ಕೆ 80-90 ಮಿಲಿಮೀಟರ್ ಬೆಳೆದದ್ದಿದೆ. ದಿಬ್ಬದಲ್ಲಿ ಒತ್ತೊತ್ತಾಗಿ ಕೂತದ್ದು ಅಷ್ಟು ಬೆಳೆಯದು, ಬೇಸರಪಡಬೇಡಿ.

ಬೆಳೆದ ಮೇಲೆ ಕಿತ್ತು ತಿನ್ನಬಹುದೇ ಎಂದು ಎಲ್ಲರೂ ಕೇಳುತ್ತಾರೆ. ತಿನ್ನಬೇಡಿ. ಚರಂಡಿ ಸೇರುವ ನೀರಿನಲ್ಲಿ ಬೆಳೆದ ಕಲ್ವ ಆ ನೀರಿನ ಕೊಳೆಯನ್ನೆಲ್ಲ ತನ್ನೊಳಗೆ ಹಿಡಿದಿಟ್ಟಿರುತ್ತದೆ. ಈ ದಿಬ್ಬದ ಕಲ್ವ ಮೊಟ್ಟೆ ಬಿಡಲಿ, ಅದರ ಮರಿ ತೇಲಿ ಹೋಗಿ ಮಾವ್ಶಿಯ ಕಲ್ಲಿನ ಮೇಲೆ ಕೂರಲಿ.

ಮಳೆಗಾಲದಲ್ಲಿ ಒಂದಷ್ಟು ಸಾಯುತ್ತವೆ. ಮಳೆ ನಿಂತ ಮೇಲೆ ಅಕ್ಟೋಬರ್‌ನ ಮೊದಲ ದೊಡ್ಡ ಇಳಿತಕ್ಕೆ ಹೋಗಿ ನೋಡಿ. ಮುಚ್ಚಿದ ಚಿಪ್ಪನ್ನು ಬೆರಳಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಸತ್ತಿದೆ, ಕಲ್ಲಿನಂಥ ಸದ್ದು ಬಂದರೆ ಬದುಕಿದೆ. ಎರಡರ ಲೆಕ್ಕವನ್ನೂ ಬರೆದುಕೊಳ್ಳಿ. ಸತ್ತದ್ದನ್ನು ಕೀಳಬೇಡಿ, ಹೊಸ ಮರಿ ಅದರ ಮೇಲೂ ಕೂರುತ್ತದೆ. ಅದೇ ವಾರ ಹೋಟೆಲ್‌ಗಳಿಗೆ ಹೋಗಿ ಬಕೆಟ್‌ಗಳನ್ನು ಮತ್ತೆ ಇಟ್ಟು ಬನ್ನಿ.